ಏನೂ ಗೊತ್ತಿಲ್ಲದವರು ಬೇಕಾಗಿದ್ದಾರೆ

ಬೆಳಿಗ್ಗೆ ಒಂಬತ್ತಕ್ಕೆ ತಂಗಿಯ ಬಲಗೈ ಹೆಬ್ಬೆರಳು ಬಾಗಿಲ ಸಂದಿಗೆ ಸಿಕ್ಕಿ ಬದನೆಕಾಯಿಯಂತೆ ಊದಿಕೊಂಡಿತು. ಬೆರಳು ತಂಗಿಯದು, ಗ್ರಹಚಾರ ಅಕ್ಕನದು. ಅಕ್ಕನಿಗೆ ಕಣ್ಣು ಕಾಣುವುದಿಲ್ಲ. ಮಧ್ಯಾಹ್ನ ಎರಡಕ್ಕೆ ಅವಳ ಪದವಿಯ ಕೊನೆಯ ವರ್ಷದ ರಾಜ್ಯಶಾಸ್ತ್ರ ಪರೀಕ್ಷೆ, ಮೊದಲ ಪತ್ರಿಕೆ. ಅಕ್ಕ ಹೇಳುವುದು, ತಂಗಿ ಬರೆಯುವುದು ಎಂದು ತಿಂಗಳ ಹಿಂದೆಯೇ ಒಪ್ಪಿಗೆಯಾಗಿತ್ತು. ಈಗ ಬರೆಯುವವರು ಸಿಗದಿದ್ದರೆ ಒಂದು ವರ್ಷ ಮಣ್ಣುಪಾಲು.

ಕೋಲು ಹಿಡಿದು ಅವಳು ಕಾಲೇಜಿನ ಪರೀಕ್ಷಾ ಕಚೇರಿಗೆ ಬಂದಳು. ಅಲ್ಲಿನ ಅಧಿಕಾರಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ನಿಯಮಪ್ಪ. ಆಕಳಿಸುವುದಕ್ಕೂ ನಿಯಮಾವಳಿಯಲ್ಲಿ ಪುಟ ಹುಡುಕುವ ಆಸಾಮಿ.

"ಬದಲಿ ಬರಹಗಾರರನ್ನ ನೀನೇ ತರಬೇಕು. ಅವರಿಗೆ ವಿಷಯ ಗೊತ್ತಿರಬಾರದು," ಎಂದರು.

"ಕಾಲೇಜಿನವರೇ ಒಬ್ಬರನ್ನ ಕೊಡಬಹುದಲ್ವಾ ಸರ್?"

"ಕೊಡಬಹುದು ಅಂತ ಇದೆ. ಕೊಡಲೇಬೇಕು ಅಂತ ಇಲ್ಲ."

ಹುಡುಗಿಗೆ ಮೈಯೆಲ್ಲ ಉರಿಯಿತು. ಕಾರಿಡಾರಿನಲ್ಲಿ ಸಿಕ್ಕವರೆಲ್ಲ ಅವಳ ಬೆನ್ನು ತಟ್ಟಿದರು. ಇತಿಹಾಸದ ಮೇಡಂ, "ನಿನ್ನ ನೋಡಿದ್ರೆ ನಮಗೆಲ್ಲ ಸ್ಫೂರ್ತಿ ಕಣಮ್ಮ," ಎಂದು ಊಟಕ್ಕೆ ಹೋದರು. ಹಾಗೆ ಸ್ಫೂರ್ತಿ ಪಡೆದವರಲ್ಲಿ ಒಬ್ಬರೂ ಪೆನ್ನು ಹಿಡಿಯಲು ಒಪ್ಪಲಿಲ್ಲ.

ಒಪ್ಪಿದವರು ಮೂವರೇ. ಮೊದಲು ಗ್ರಂಥಾಲಯದ ಸಹಾಯಕ.

"ರಾಜ್ಯಶಾಸ್ತ್ರದ ಪುಸ್ತಕ ಮುಟ್ಟಿದೀಯಾ?" ನಿಯಮಪ್ಪ ಕೇಳಿದರು.

"ಧೂಳು ಒರೆಸೋಕೆ ಮುಟ್ಟಿದೀನಿ ಸರ್."

"ಮುಟ್ಟಿದೀಯ. ಅನರ್ಹ."

ಆಮೇಲೆ ಕ್ಯಾಂಟೀನಿನ ಹೆಂಗಸು ಕೈ ಒರೆಸಿಕೊಳ್ಳುತ್ತ ಬಂದಳು. ಮತ ಹಾಕಿದ್ದೀಯಾ ಎಂದು ಕೇಳಿದರು, ಹೂಂ ಎಂದಳು. ಹಾಗಾದರೆ ಸರ್ಕಾರದ ವಿಚಾರ ತಿಳಿದಿದೆ ಎಂದು ಅವಳನ್ನೂ ವಾಪಸು ಕಳಿಸಿದರು.

ಕೊನೆಗೆ ಕಾವಲುಗಾರ. ನಿಯಮಪ್ಪ ಪಠ್ಯಪುಸ್ತಕ ತೆರೆದು, "ಸಮಾನತೆ ಎಂದರೇನು?" ಎಂದರು.

"ಅದೇನೋ ಗೊತ್ತಿಲ್ಲ ಸರ್. ಅದಿದ್ದಿದ್ರೆ ಈ ಮಗು ಬೆಳಗ್ಗಿಂದ ಇಲ್ಲಿ ನಿಂತಿರ್ತಿರಲಿಲ್ಲ."

ನಿಯಮಪ್ಪ ಪುಟ ತಿರುಗಿಸಿ ನೋಡಿದರು. ಬಹುಮಟ್ಟಿಗೆ ಅದೇ ಉತ್ತರವಿತ್ತು. "ಇವನಿಗೆ ವಿಷಯ ಚೆನ್ನಾಗಿ ಗೊತ್ತು. ಅನರ್ಹ."

ಗಂಟೆ ಒಂದೂವರೆ. ಹುಡುಗಿಯ ತಾಳ್ಮೆ ಮುಗಿದಿತ್ತು, ಕಿವಿ ಮಾತ್ರ ಚುರುಕಾಗಿತ್ತು.

"ಸರ್, ಉತ್ತರ ಸರೀನಾ ಅಂತ ಪುಸ್ತಕ ನೋಡಿದ್ರಲ್ವಾ?"

"ಮತ್ತೆ? ನಾನು ಗಣಿತದವನು. ಇದೆಲ್ಲ ನನಗೇನು ಗೊತ್ತು?"

"ಏನೂ ಗೊತ್ತಿಲ್ವಾ?"

"ಒಂದಕ್ಷರ ಗೊತ್ತಿಲ್ಲ."

"ಹಾಗಾದ್ರೆ ನೀವೇ ಅರ್ಹರು. ಬನ್ನಿ, ಬರೀರಿ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಪ್ರಾಂಶುಪಾಲರು ನಗು ತಡೆಯಲಾರದೆ ಆಗಲಿ ಎಂದು ತಲೆಯಾಡಿಸಿಬಿಟ್ಟರು. ನಿಯಮಪ್ಪ ನಿಯಮಾವಳಿಯನ್ನು ಎರಡು ಸಲ ತಿರುವಿ ಹಾಕಿದರೂ ತಪ್ಪಿಸಿಕೊಳ್ಳಲು ದಾರಿ ಸಿಗಲಿಲ್ಲ. 'ನನಗೆ ಈ ವಿಷಯದಲ್ಲಿ ಏನೂ ತಿಳಿದಿಲ್ಲ' ಎಂದು ತಮ್ಮ ಕೈಯಾರೆ ಬರೆದು ಸಹಿ ಹಾಕಿದರು.

ಹುಡುಗಿ ಬೆಳಗಿನಿಂದ ನುಂಗಿದ್ದ ಸಿಟ್ಟನ್ನೆಲ್ಲ ಉತ್ತರಗಳಿಗೆ ಸುರಿದಳು. ಹಕ್ಕು ಎಂದರೆ ದಯೆಯಲ್ಲ ಎಂದಳು. ಒಂದೇ ಅಳತೆಯ ಬಾಗಿಲಿಟ್ಟು, ಒಳಗೆ ಬಾರದವರನ್ನು ಬೈಯುವುದು ನ್ಯಾಯವಲ್ಲ ಎಂದಳು. ಮೊದಮೊದಲು ಗೊಣಗುತ್ತಿದ್ದ ನಿಯಮಪ್ಪ ಮೂರನೆಯ ಪ್ರಶ್ನೆಯ ಹೊತ್ತಿಗೆ, "ಹೂಂ, ಆಮೇಲೆ?" ಎನ್ನತೊಡಗಿದರು. ಗಂಟೆ ಬಾರಿಸಿದಾಗ ಅವರು ಪೆನ್ನು ಕೆಳಗಿಟ್ಟರು.

"ಎಷ್ಟು ಚೆನ್ನಾಗಿ ಹೇಳ್ದೆ ತಾಯಿ. ಇಷ್ಟು ವರ್ಷ ನಾನು ಕಣ್ಣಿದ್ದೂ ಕುರುಡನಾಗಿದ್ದೆ."

ಹುಡುಗಿಯ ಮುಖ ಆ ದಿನ ಮೊದಲ ಸಲ ಅರಳಿತು. "ನಾಳೆ ಎರಡನೇ ಪತ್ರಿಕೆ ಸರ್. ತಂಗಿ ಬೆರಳು ವಾಸಿಯಾಗೋಕೆ ವಾರ ಬೇಕಂತೆ. ನೀವೇ ಬರ್ತೀರಲ್ವಾ?"

"ಅದು ಹೇಗಮ್ಮ ಆಗುತ್ತೆ?" ನಿಯಮಪ್ಪ ನಿಜವಾಗಿಯೂ ನೊಂದ ದನಿಯಲ್ಲಿ ಹೇಳಿದರು. "ಈಗ ನನಗೆ ವಿಷಯ ಗೊತ್ತಾಗಿಬಿಟ್ಟಿದೆಯಲ್ಲ."