ಒಂದು ಚೌಡಮ್ಮನಷ್ಟು ಗಾಳಿ

ಹೋದ ವರ್ಷದ ಯುಗಾದಿಯಿಂದ ಸಕಲೇಶಪುರ ಮತ್ತು ಆಲೂರು ತಾಲ್ಲೂಕಿನ ಗುಡ್ಡಗಳಲ್ಲಿ ಓಡುವ ಜೀಪುಗಳ ಚಕ್ರದೊಳಗಿನ ಗಾಳಿ ಸರ್ಕಾರದ ಸುಪರ್ದಿಗೆ ಬಂದಿದೆ. ಚಕ್ರದ ಹೊರಗಿನ ಗಾಳಿ ಮೊದಲಿನಂತೆ ಸಾರ್ವಜನಿಕರದ್ದೇ. ಒಳಗಿನದನ್ನು ನೋಡಿಕೊಳ್ಳಲು ಗುಡ್ಡಗಾಡು ವಾಹನ ಗಾಳಿ ನಿಯಂತ್ರಣ ಕಚೇರಿ ಎಂಬುದೊಂದು ಶುರುವಾಯಿತು.

ಕಚೇರಿ ಮೊದಲ ದಿನವೇ ಎರಡು ನಿಯಮ ಮಾಡಿತು. ಒಂದು, ಪ್ರತಿ ಚಕ್ರದಲ್ಲೂ ಮೂವತ್ತೈದು ಪಾಯಿಂಟ್ ಗಾಳಿ ಇರತಕ್ಕದ್ದು, ಅದು ಹೈವೇ ಆಗಲಿ, ಕೆಸರಾಗಲಿ, ಬಂಡೆಯಾಗಲಿ. ಎರಡು, ಚಾಲಕರು ಕಚೇರಿಯ ಪಟ್ಟಿಯಿಂದ ತಮಗಿಷ್ಟವಾದ ಟೈರು ಆರಿಸಿಕೊಳ್ಳಬಹುದು. ಪಟ್ಟಿಯಲ್ಲಿ ಒಂದೇ ಟೈರಿತ್ತು. ಪೇಟೆ ಕಾರುಗಳಿಗೆ ಹಾಕುವ ನುಣ್ಣನೆ ಟೈರು. ಅದು ಕಚೇರಿಯ ಕೆಳಗಿನ ಮಳಿಗೆಯಲ್ಲಿ ಸಿಗುತ್ತಿತ್ತು. ಆ ಮಳಿಗೆ, ಕಚೇರಿಯ ಅಧಿಕಾರಿ ಮೃತ್ಯುಂಜಯ ಅವರ ಭಾವಮೈದುನನದು. ಚಾಲಕರಿಗೆ ಓಡಾಟ ಉಳಿಯಲಿ ಎಂದು ಈ ಏರ್ಪಾಡು.

ವನಗೂರಿನ ಕುಳ್ಳಯ್ಯ ನಿಯಮ ಮೀರುವ ಆಸಾಮಿಯಲ್ಲ. ನಾಲ್ಕೂ ಟೈರು ಕೊಂಡ. ಜೀಪಿನ ಹಿಂದೆ ಹಾಕಿಕೊಂಡ. ಆರಿಸಿದ ಟೈರು ವಾಹನದಲ್ಲಿ ಇರತಕ್ಕದ್ದು ಎಂದಷ್ಟೇ ನಿಯಮದಲ್ಲಿತ್ತು. ಚಕ್ರಕ್ಕೆ ತೊಡಿಸತಕ್ಕದ್ದು ಎಂದಿರಲಿಲ್ಲ. ಹಾಗಾಗಿ ಚಕ್ರದಲ್ಲಿ ಹಳೇ ದಪ್ಪ ಕಚ್ಚಿನ ಟೈರುಗಳೇ ಉಳಿದವು. ಹೊಸವುಗಳ ಮೇಲೆ ಜನ ಕೂತರು. ದಿನಾ ಬರುವ ರಾಜಲಕ್ಷ್ಮಮ್ಮ, ಸರ್ಕಾರ ಸೊಂಟನೋವಿಗೆ ಇಷ್ಟು ಒಳ್ಳೇ ಸೀಟು ಕೊಟ್ಟಿದ್ದು ಇದೇ ಮೊದಲು ಅಂದಳು.

ಟೈರಿನ ಪಾಡು ಹೀಗೆ ಮುಗಿಯಿತು. ಗಾಳಿಯ ಪಾಡು ಮುಗಿಯಲಿಲ್ಲ.

ವನಗೂರು ದಾಟಿದರೆ ನಾಯಿಕಲ್ಲು ಏರು. ಅದರ ತಲೆಯಲ್ಲಿ ಹನ್ನೊಂದು ಮನೆ. ಆ ಹನ್ನೊಂದು ಮನೆಗೆ ಹತ್ತುವುದು ಕುಳ್ಳಯ್ಯನ ಜೀಪು ಒಂದೇ. ಮೂವತ್ತೈದು ಪಾಯಿಂಟಿಗೆ ಚಕ್ರ ಗುಂಡುಕಲ್ಲಿನ ಹಾಗೆ ಬಿಗಿಯಾಗಿರುತ್ತದೆ. ಕೆಸರಿನಲ್ಲಿ ನಿಂತಲ್ಲೇ ತಿರುಗುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಏರಿನ ಬುಡದಲ್ಲಿ ಗಾಳಿ ಕಮ್ಮಿ ಮಾಡಿದರೆ ಟೈರು ಅಗಲವಾಗಿ ನೆಲಕ್ಕೆ ಕೂರುತ್ತದೆ, ಕಚ್ಚಿ ಹಿಡಿಯುತ್ತದೆ. ಇಳಿದು ಬಂದ ಮೇಲೆ ಕಾಲುಪಂಪಿನಲ್ಲಿ ತಿರುಗಾ ತುಂಬಬೇಕು. ಇಲ್ಲಿನವರೆಲ್ಲ ಮಾಡುವುದು ಹೀಗೆಯೇ.

ಮಳೆಗಾಲದ ಮೊದಲ ವಾರ ಸುತ್ತಲಿನ ಏರುಗಳಲ್ಲಿ ನಿಯಮ ಪಾಲಿಸಿದ ಮೂರು ಜೀಪು ಹಿಂದಕ್ಕೆ ಜಾರಿ ಕಾಫಿ ತೋಟ ಹೊಕ್ಕವು. ಕಚೇರಿ ಕೂಡಲೇ ತಿದ್ದುಪಡಿ ಹೊರಡಿಸಿತು:

"ಏರುಗಳಲ್ಲಿ ಗಾಳಿ ಇಳಿಸಲು ಅನುಮತಿಸಿದೆ. ಆದರೆ ಕನಿಷ್ಠ ಹತ್ತು ವರ್ಷ ತಪ್ಪಿಲ್ಲದೆ ಅಳೆದ ಉಪಕರಣದಿಂದ ಮಾತ್ರ ಇಳಿಸತಕ್ಕದ್ದು. ಅಂಥ ಉಪಕರಣವನ್ನು ಆಷಾಢ ಮುಗಿಯುವುದರೊಳಗೆ ನೋಂದಾಯಿಸದ ಜೀಪನ್ನು ಮುಟ್ಟುಗೋಲು ಹಾಕಿಕೊಳ್ಳಲಾಗುವುದು."

ಅಂಗಡಿಯಲ್ಲಿದ್ದ ಗಾಳಿ ಅಳೆಯುವ ಗೇಜುಗಳೆಲ್ಲ ಹೊಸವು. ಹತ್ತು ವರ್ಷ ಅಳೆದಿರಲಿಲ್ಲ. ಅಳೆಯಲು ಬಿಡದೆ ಹತ್ತು ವರ್ಷ ಆಗುವಂತೆಯೂ ಇರಲಿಲ್ಲ. ಚಾಲಕರು ಒಪ್ಪಿದರು, ಕಾನೂನು ಅಂದಮೇಲೆ ಬಿಗಿ ಇರಬೇಕು.

ಕುಳ್ಳಯ್ಯ ಮೂರನೇ ಕ್ಲಾಸು ಓದಿದವನು. ಒಂದು ಬೆಳಗ್ಗೆ ಪೂರಾ ಕೂತು ಅರ್ಜಿ ತುಂಬಿದ. ಉಪಕರಣದ ಹೆಸರು: ಚೌಡಮ್ಮ. ಬಳಕೆ: ಇಪ್ಪತ್ತೆರಡು ವರ್ಷ. ತಪ್ಪು: ಇಲ್ಲ.

ಬರೆದದ್ದು ಸುಳ್ಳಲ್ಲ. ಚೌಡಮ್ಮ ಅವನ ಹೆಂಡತಿ. ಮದುವೆಯಾದ ವರ್ಷದಿಂದ ಜೀಪಿನ ಎಡ ಸೀಟಿನಲ್ಲಿ ಕೂತು ಬರುತ್ತಿದ್ದಳು. ಏರಿನ ಬುಡದಲ್ಲಿ ನೇರಳೆ ಮರದ ಕೆಳಗೆ ಜೀಪು ನಿಲ್ಲುತ್ತಿತ್ತು. ಅವಳು ಕಲ್ಲಿನ ಮೇಲೆ ಕೂತು ಎಲೆ ಅಡಿಕೆ ಚೀಲ ಬಿಚ್ಚುತ್ತಿದ್ದಳು. ಕುಳ್ಳಯ್ಯ ಕಡ್ಡಿಯಲ್ಲಿ ಚಕ್ರದ ವಾಲ್ ಒತ್ತಿ ಹಿಡಿಯುತ್ತಿದ್ದ. ಅವಳು ಎಲೆ ಸೆರಗಿಗೆ ಒರೆಸಿ, ತೊಟ್ಟು ಮುರಿದು, ಸುಣ್ಣ ಸವರಿ, ಅಡಿಕೆ ಇಟ್ಟು ಮಡಚಿ "ಸಾಕು" ಅನ್ನುವಷ್ಟರಲ್ಲಿ ಒಂದು ಚಕ್ರ ಸರಿಯಾಗುತ್ತಿತ್ತು. ನಾಲ್ಕು ಚಕ್ರಕ್ಕೆ ನಾಲ್ಕು ಎಲೆ. ಒಂದು ಅವಳಿಗೆ, ಒಂದು ಅವನಿಗೆ, ಎರಡು ಹಿಂದೆ ಕೂತವರಿಗೆ. ಇಪ್ಪತ್ತೆರಡು ವರ್ಷದಲ್ಲಿ ಜೀಪು ಒಂದು ದಿನವೂ ಜಾರಲಿಲ್ಲ.

ಹಿಂದಿನ ಕಾರ್ತಿಕದಲ್ಲಿ ಅವಳು ತೀರಿಕೊಂಡಳು. ಅರ್ಜಿಯಲ್ಲಿ ಅದಕ್ಕೆ ಜಾಗ ಇರಲಿಲ್ಲ. ಅವನು ಬರೆಯಲಿಲ್ಲ.

ಅವನಿಗೆ ಇದ್ದ ಚಿಂತೆ ಒಂದೇ. ಜೀಪು ಹೋದರೆ ಎಡ ಸೀಟೂ ಹೋಗುತ್ತದೆ. ಅವಳು ಹೋದಮೇಲೆ ಅಲ್ಲಿ ಯಾರನ್ನೂ ಅವನು ಕೂರಿಸಿರಲಿಲ್ಲ. ಜನ ಎಷ್ಟೇ ಇರಲಿ ಒಂದು ಚೀಲ ಇಟ್ಟು, ಸಾಮಾನೈತೆ ಕಣ್ರೀ ಅನ್ನುತ್ತಿದ್ದ. ಚೀಲ ಖಾಲಿ ಎಂಬುದು ಎಲ್ಲರಿಗೂ ಗೊತ್ತಿತ್ತು.

ಎಂಟು ದಿನಕ್ಕೆ ನೋಟೀಸು ಬಂತು. ಉಪಕರಣವನ್ನು ಒರೆಸಿ, ಶುಚಿಗೊಳಿಸಿ, ಪೆಟ್ಟಿಗೆ ಸಮೇತ ಹಾಜರುಪಡಿಸತಕ್ಕದ್ದು. ಕುಳ್ಳಯ್ಯ ಚೌಡಮ್ಮನ ಎಲೆ ಅಡಿಕೆ ಚೀಲ ಹಿಡಿದು ಹೋದ.

"ಇದು ಪೆಟ್ಟಿಗೆ. ಉಪಕರಣ ಎಲ್ಲಯ್ಯ?" ಅಂದರು ಮೃತ್ಯುಂಜಯ.

"ತೀರ್ಕೊಂಡ್ಬುಟ್ಳು ಸ್ವಾಮಿ."

ಮೃತ್ಯುಂಜಯ ಫಾರಂ ತೆಗೆದರು. ಕೆಟ್ಟ ಮನುಷ್ಯರಲ್ಲ, ಕನ್ನಡಕ ಏರಿಸಿ ಎರಡು ಸಲ ಓದಿದರು. "ನೋಡು, ಇದರಲ್ಲಿ ಎರಡೇ ಮನೆ ಇರೋದು. ದುರಸ್ತಿಯಲ್ಲಿದೆ, ಇಲ್ಲಾಂದ್ರೆ ಕಳೆದುಹೋಗಿದೆ. ತೀರಿಕೊಂಡಿದೆ ಅಂತ ಸರ್ಕಾರ ಮಾಡಿಲ್ಲ. ಯಾವುದಕ್ಕೆ ಗುರುತು ಹಾಕ್ತೀಯ?"

ಕುಳ್ಳಯ್ಯ ಎರಡನ್ನೂ ಬೆರಳಿಟ್ಟು ಓದಿದ. ಕಳೆದುಹೋಗಿದೆ ಎಂಬುದಕ್ಕೆ ಹಾಕಿದ.

ಕಳೆದುಹೋದ ಉಪಕರಣಕ್ಕೆ ಹದಿನೈದು ದಿನದ ಪ್ರಕಟಣೆ ಕಡ್ಡಾಯ. ಗುಮಾಸ್ತೆ ಶೀಲಾ ವಿವರ ಕೇಳಿ ಬರೆದು ಕಚೇರಿಯ ಹಲಗೆಗೆ ಅಂಟಿಸಿದರು:

"ಗಾಳಿ ಅಳೆಯುವ ಉಪಕರಣ ಕಳೆದುಹೋಗಿದೆ. ಎತ್ತರ ನಾಲ್ಕು ಮುಕ್ಕಾಲು ಅಡಿ. ಬಣ್ಣ ಎಣ್ಣೆಗೆಂಪು. ಬಲಗೈ ಹೆಬ್ಬೆರಳಿನಲ್ಲಿ ಸುಣ್ಣದ ಕಲೆ. ಏರಿನಲ್ಲಿ ಗಂಡನನ್ನು ಬೈಯುವ ಅಭ್ಯಾಸವಿದೆ. ಸಿಕ್ಕಿದವರು ಕಚೇರಿ ವೇಳೆಯಲ್ಲಿ ತಂದೊಪ್ಪಿಸಿ ರಸೀದಿ ಪಡೆಯತಕ್ಕದ್ದು."

ದೋಣಿಗಲ್ಲಿನವರೊಬ್ಬರು ತಮ್ಮ ಅತ್ತೆಯನ್ನು ತಂದೊಪ್ಪಿಸಿದರು. ಎತ್ತರ ತಾಳೆಯಾಗಲಿಲ್ಲ. ವಾಪಸು ಕಳಿಸಿದರು. ಅವರು ಬೇಸರದಿಂದ ಹೋದರು. ಕುಳ್ಳಯ್ಯ ಹದಿನೈದು ದಿನವೂ ಬಂದು ಹಲಗೆಯ ಮುಂದೆ ನಿಂತು ಓದಿಕೊಂಡು ಹೋದ. ಹದಿನಾರನೇ ದಿನ ಶೀಲಾ ಕಾಗದ ತೆಗೆಯಲು ಬಂದವರು ಅವನನ್ನು ನೋಡಿ, ಇನ್ನೂ ನಾಲ್ಕು ದಿನ ಇರಲಿ ಬಿಡಿ ಎಂದು ಒಳಗೆ ಹೋದರು.

ಆಷಾಢದ ಕೊನೆಯ ದಿನ ಮೃತ್ಯುಂಜಯ ಸ್ಥಳ ಪರಿಶೀಲನೆಗೆ ಬಂದರು. ಕುಳ್ಳಯ್ಯನ ಜೀಪಿನಲ್ಲೇ ಏರು ನೋಡಿ, ಹಾಗೇ ಜೀಪನ್ನು ಮುಟ್ಟುಗೋಲು ಹಾಕಿ, ಅದರಲ್ಲೇ ಪೇಟೆಗೆ ವಾಪಸಾಗುವುದು ಕಾರ್ಯಕ್ರಮ. ಎಡ ಸೀಟಿನಲ್ಲಿ ಚೀಲವಿತ್ತು. ಅಧಿಕಾರಿ ಹಿಂದೆ ಟೈರಿನ ಮೇಲೆ ಕೂತರು. ಪಕ್ಕದಲ್ಲಿ ರಾಜಲಕ್ಷ್ಮಮ್ಮ.

ಮೂವತ್ತೈದು ಪಾಯಿಂಟಿನಲ್ಲೇ ಹತ್ತಿಸು ಎಂದರು ಮೃತ್ಯುಂಜಯ. ಕುಳ್ಳಯ್ಯ ಹತ್ತಿಸಿದ. ಅರ್ಧ ದಾರಿಗೆ ಜೀಪು ನಿಂತು, ಯೋಚಿಸಿ, ಹಿಂದಕ್ಕೆ ಹೊರಟಿತು. ನೇರಳೆ ಮರಕ್ಕೆ ಒರಗಿ ನಿಂತಿತು. ಅಧಿಕಾರಿ ಟೈರಿನ ತೂತಿನೊಳಗೆ ಇಳಿದುಹೋಗಿದ್ದರು. ಮೊಣಕಾಲು, ಕನ್ನಡಕ ಮಾತ್ರ ಕಾಣುತ್ತಿದ್ದವು.

"ಸಾಹೇಬ್ರು ಅವ್ರ ಟೈರಿಗೆ ಸರಿಯಾಗಿ ಕೂತವ್ರೆ," ಅಂದಳು ರಾಜಲಕ್ಷ್ಮಮ್ಮ. ಇಬ್ಬರೂ ಸೇರಿ ಎಳೆದು ತೆಗೆದರು.

ಏರು ಹತ್ತದೆ ಪರಿಶೀಲನೆ ಮುಗಿಯುವಂತಿರಲಿಲ್ಲ, ಹೊಸ ಗೇಜು ಬಳಸುವಂತಿರಲಿಲ್ಲ. ರಾಜಲಕ್ಷ್ಮಮ್ಮ ತಾನು ಎಲೆ ಮಡಚುತ್ತೇನೆ ಅಂದಳು. ಆದರೆ ಒಂದು ಎಲೆಗೆ ಮೂರು ಮನೆ ಸುದ್ದಿ ಹೇಳುವವಳು. ಅಷ್ಟರಲ್ಲಿ ಚಕ್ರ ಪೂರಾ ಕೂತುಹೋಯಿತು. ಪಂಪು ಹೊಡೆದು ಮತ್ತೆ ತುಂಬಿದರು. ಮೇಲೆ ಮೋಡ ಕಪ್ಪಗಾಯಿತು.

ಕುಳ್ಳಯ್ಯ ರಾಜಲಕ್ಷ್ಮಮ್ಮನಿಂದ ಎಲೆ ಇಸಿದುಕೊಂಡ. ಹೋಗಿ ಕಲ್ಲಿನ ಮೇಲೆ ಕೂತ. ಕಾರ್ತಿಕದಿಂದ ಆ ಕಲ್ಲಿನ ಮೇಲೆ ಯಾರೂ ಕೂತಿರಲಿಲ್ಲ. ಚೌಡಮ್ಮನ ಎಲೆ ಅಡಿಕೆ ಚೀಲ ಬಿಚ್ಚಿದ. ಸುಣ್ಣದ ಡಬ್ಬಿ ಒಣಗಿತ್ತು. ಎರಡು ಹನಿ ನೀರು ಹಾಕಿದ.

"ಸ್ವಾಮಿ, ಕಡ್ಡಿ ಹಿಡ್ಕಂಡು ವಾಲ್ ಒತ್ತಿ."

ಅಧಿಕಾರಿ ಕೆಸರಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಒತ್ತಿದರು. ಗಾಳಿ ಸುಯ್ಯೆಂದಿತು. ಕುಳ್ಳಯ್ಯ ಎಲೆ ಅಂಗಿಗೆ ಒರೆಸಿದ. ತೊಟ್ಟು ಮುರಿದ. ಸುಣ್ಣ ಸವರಿದ. ಚೌಡಮ್ಮ ಸುಣ್ಣ ಸವರಿದ ಮೇಲೆ ಒಂದು ಗಳಿಗೆ ಸುಮ್ಮನೆ ಏರಿನ ಕಡೆ ನೋಡುತ್ತಿದ್ದಳು. ಅದು ಅವನಿಗೆ ಆಗಲೇ ನೆನಪಾಯಿತು. ಅವನೂ ನೋಡಿದ. ಅಡಿಕೆ ಇಟ್ಟು ಮಡಚಿದ.

"ಸಾಕು."

ನಾಲ್ಕು ಎಲೆ, ನಾಲ್ಕು ಚಕ್ರ. ಮೃತ್ಯುಂಜಯ ಕಾನೂನಿಗೆ ಬೆನ್ನು ತಿರುಗಿಸಿ ಜೇಬಿನ ಗೇಜು ಹಚ್ಚಿ ನೋಡಿದರು. ಹದಿನೆಂಟು, ಹದಿನೆಂಟು, ಹದಿನೆಂಟು, ಹದಿನೆಂಟು. ಜೀಪು ನಿಲ್ಲದೆ ಹತ್ತಿತು. ಅಧಿಕಾರಿ ಒಂದು ಎಲೆ ಜಗಿಯುತ್ತ ಕಡತದಲ್ಲಿ ಬರೆದರು: ಉಪಕರಣ ಸಿಕ್ಕಿದೆ. ಸುಸ್ಥಿತಿಯಲ್ಲಿದೆ.

ಶ್ರಾವಣದಲ್ಲಿ ಸುತ್ತೋಲೆ ಬಂತು. ಗುಡ್ಡಗಾಡು ಜೀಪುಗಳು ಏರಿನ ಬುಡದಲ್ಲಿ ಪ್ರತಿ ಚಕ್ರಕ್ಕೆ ಒಂದು ಚೌಡಮ್ಮನಷ್ಟು ಗಾಳಿ ಇಳಿಸತಕ್ಕದ್ದು. ಒಂದು ಚೌಡಮ್ಮ ಎಂದರೆ ಒಂದು ಎಲೆ, ನಡುವೆ ಏರಿನ ಕಡೆ ನೋಡುವುದೂ ಸೇರಿ. ನೋಡದೆ ಮಡಚಿದರೆ ದಂಡ. ಮೂಲ ಉಪಕರಣಕ್ಕೆ ಅದು ಇರುವ ಜೀಪಿನಲ್ಲಿ ಎಡ ಸೀಟು ಮೀಸಲು. ಬೇರೆ ಯಾರೂ ಕೂರತಕ್ಕದ್ದಲ್ಲ. ಕುಳ್ಳಯ್ಯ ಖಾಲಿ ಚೀಲ ತೆಗೆದ. ಈಗ ಅಲ್ಲಿ ಸರ್ಕಾರಿ ಹಲಗೆ ಇದೆ. ಭಾವಮೈದುನ ಮಳಿಗೆಯಲ್ಲಿ ಟೈರಿನ ಜೊತೆ ಎಲೆ ಅಡಿಕೆಯನ್ನೂ ಇಟ್ಟಿದ್ದಾನೆ. ಆಲೂರಿನ ಚಾಲಕರು ಈಗ ಪಾಯಿಂಟ್ ಅನ್ನುವುದಿಲ್ಲ. ಇವತ್ತು ಕೆಸರು ಜಾಸ್ತಿ, ಒಂದೂಕಾಲು ಚೌಡಮ್ಮ ಬಿಡು ಮಾರಾಯ ಅನ್ನುತ್ತಾರೆ. ಯಾರೂ ನಗುವುದಿಲ್ಲ.

ಮೂಲ ಉಪಕರಣದ ನೋಂದಣಿಯನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು. ಮರುವರ್ಷ ಆಷಾಢದಲ್ಲಿ ಕುಳ್ಳಯ್ಯ ಸಾಲಿನಲ್ಲಿ ನಿಂತ. ಶೀಲಾ ಪುಸ್ತಕ ತೆರೆದರು. ಕೇಳಲೇಬೇಕಾದ ಪ್ರಶ್ನೆ ಒಂದಿತ್ತು.

"ಚೌಡಮ್ಮ ಇದ್ದಾರಾ?"

ಕುಳ್ಳಯ್ಯ ಕಿಟಕಿಯಿಂದ ಆಚೆ ಜೀಪಿನ ಎಡಗಡೆ ನೋಡಿದ.

"ಅವ್ಳೆ ಕಣವ್ವ," ಅಂದ.

ಶೀಲಾ ಸೀಲು ಹಾಕಿ, ಮುಂದಿನವರು ಬನ್ನಿ ಅಂದರು.