ನಾಲ್ಕನೇ ದೋಸೆ

ನಮ್ಮ ಮೊಮ್ಮಗಳಿಗೆ ಮೊದಲ ಸಂಬಳ ಬಂತು! ವಾಶಿಯ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಅವಳಿಗೆ ಕೆಲಸ. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಗೋಡೆಯ ಮೇಲಿನ ಅಕ್ಷರ ಓದಿಸಿ, ಯಾವ ನಂಬರಿನ ಕನ್ನಡಕ ಬೇಕು ಎಂದು ಹೇಳುತ್ತಾಳೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ನನ್ನ ಮೊಮ್ಮಗಳು ದೊಡ್ಡ ದೊಡ್ಡ ಸಾಹೇಬರಿಗೆ ಅಕ್ಷರ ಓದಿಸುತ್ತಾಳೆ. ಇದಕ್ಕಿಂತ ಹೆಚ್ಚು ಇನ್ನೆಂತ ಬೇಕು ಹೇಳಿ?

ಸಂಬಳದ ಮೆಸೇಜು ಬಂದದ್ದು ಬೆಳಿಗ್ಗೆ ಚಹಾದ ಹೊತ್ತಿಗೆ. ನಾನು ದೇವರಿಗೆ ದೀಪ ಹಚ್ಚಿದೆ. ಸೊಸೆ ಬದಲಾಪುರದ ತವರಿಗೆ ಫೋನು ಮಾಡಿದಳು. ಮಗ ಸುಮ್ಮನೆ ಮೂರು ಸಲ ಕನ್ನಡಕ ಒರೆಸಿಕೊಂಡ. ನಮ್ಮ ಬಿಲ್ಡಿಂಗಿನ ಎಲ್ಲ ಮಾಳಿಗೆಗೂ ಸುದ್ದಿ ಹೋಯಿತು, ಹೇಗೆ ಹೋಯಿತು ಅಂದರೆ ನಾನೇ ಹತ್ತಿ ಇಳಿದು ಹೇಳಿ ಬಂದೆ. ಎಲ್ಲರೂ ಪೂರ್ತಿ ಸಂತೋಷಪಟ್ಟೆವು. ನಮ್ಮ ಮನೆಯವರು ಮಾತ್ರ ಮುಕ್ಕಾಲು ಸಂತೋಷಪಟ್ಟು, ಕಾಲು ಭಾಗ ತೆಗೆದಿಟ್ಟರು.

ನಗಬೇಡಿ. ನಮ್ಮ ಮನೆಯವರು ಅಂದರೆ ನನ್ನ ಗಂಡ. ಹೆಸರು ಹೇಳುವ ಅಭ್ಯಾಸ ನನಗಿಲ್ಲ, ಈ ವಯಸ್ಸಿನಲ್ಲಿ ಹೊಸದಾಗಿ ಶುರು ಮಾಡಿ ಎಂತ ಮಾಡಲಿ? ಕುಂದಾಪುರದ ಕಡೆಯಿಂದ ಬಂದು ಠಾಣೆಯ ಒಂದು ಹೋಟೆಲಿನಲ್ಲಿ ದೋಸೆಯ ತವಾದ ಮುಂದೆ ನಿಂತವರು, ಕೆಲಸ ಬಿಡುವವರೆಗೂ ಅಲ್ಲೇ ನಿಂತರು. ಅವರದ್ದು ಒಂದೇ ಧರ್ಮ: ಕೈಗೆ ಬಂದದ್ದರಲ್ಲಿ ನಾಲ್ಕನೇ ಒಂದು ಪಾಲು ಮುಟ್ಟಬಾರದು. ಸಂಬಳ ಬಂದ ದಿನ ಆ ಪಾಲನ್ನು ಬ್ಯಾಂಕಿಗೆ ಕಟ್ಟಿಯೇ ಡೊಂಬಿವಲಿಯ ಟ್ರೈನು ಹತ್ತುವುದು. ಮನೆಗೆ ಬರುವುದು ಮುಕ್ಕಾಲು ಮಾತ್ರ. ಅದು ಇಪ್ಪತ್ತನೇ ತಾರೀಕಿನವರೆಗೆ ಹೇಗೆ ಬರುತ್ತದೆ, ಆಮೇಲೆ ಹೇಗೆ ಬರುವುದಿಲ್ಲ ಎಂಬುದು ನನ್ನ ತಲೆನೋವು!

ಮಗ ಕಲ್ಯಾಣದಲ್ಲಿ ಕೆಲಸಕ್ಕೆ ಸೇರಿದಾಗ ಒಮ್ಮೆ ವಾದಕ್ಕೆ ಕೂತ. "ಅಪ್ಪ, ಹತ್ತರಲ್ಲಿ ಒಂದು ಪಾಲು ಉಳಿಸಿದರೆ ಸಾಕು ಅಂತಾರೆ. ಟೀವಿಯಲ್ಲಿ ಕೋಟು ಹಾಕಿದವರು ಮೂರರಲ್ಲಿ ಒಂದು ಅಂತಾರೆ. ನಿಮ್ಮದು ಈ ನಾಲ್ಕರ ಲೆಕ್ಕ ಎಲ್ಲಿಂದ ಬಂತು?"

"ಒಂದು ಹೊತ್ತಿಗೆ ಹತ್ತು ದೋಸೆ ತಿನ್ನುವ ಮನುಷ್ಯನನ್ನು ನೋಡಿದ್ದೀಯಾ?"

"ಇಲ್ಲ."

"ಮೂರು ತಿಂದು ಹೊಟ್ಟೆ ತುಂಬಿತು ಅನ್ನುವವನನ್ನು?"

"ಅದೂ ಕಷ್ಟ."

"ಹಾಗಾದರೆ ನಾಲ್ಕು. ನಾಲ್ಕರಲ್ಲಿ ಒಂದು ಉಳಿಸಬೇಕು. ಕೋಟು ಹಾಕಿದವನಿಗೆ ದೋಸೆ ಎರೆಯಲಿಕ್ಕೆ ಬರ್ತದಾ?"

ಇಂಥವರ ಹತ್ತಿರ ಯಾರು ಮಾತಾಡುತ್ತಾರೆ? ಮಗ ಅವತ್ತಿಂದ ಬಾಯಿ ಮುಚ್ಚಿಕೊಂಡು ಕಾಲು ಭಾಗ ತೆಗೆದಿಡತೊಡಗಿದ.

ಸಂಬಳದಲ್ಲಿ ಮಾತ್ರ ಆಗಿದ್ದರೆ ನಾನು ಇದನ್ನು ಹೇಳಲು ಕೂರುತ್ತಿರಲಿಲ್ಲ. ಈ ಕಾಯಿಲೆ ಎಲ್ಲದಕ್ಕೂ ಹರಡಿತು. ಸೋಪಿನ ಕಾಲು ಭಾಗ ಕತ್ತರಿಸಿ ಅಟ್ಟದ ಮೇಲೆ. ಒಗ್ಗರಣೆಗೆ ತೆಗೆದ ಕರಿಬೇವಿನಲ್ಲಿ ಒಂದು ಎಸಳು ವಾಪಸು ಡಬ್ಬಿಗೆ. ನೆಂಟರು ಬಂದು ತಮಾಷೆ ಮಾಡಿದರೆ ಎಲ್ಲರಿಗಿಂತ ಮುಂಚೆ ನಗು ನಿಲ್ಲಿಸುವವರು ಇವರೇ. ಬಹುಶಃ ಅದರಲ್ಲೂ ಪಾಲು ತೆಗೆಯುತ್ತಾರೆ ಎಂದು ನನ್ನ ಗುಮಾನಿ.

ಮೊಮ್ಮಗಳು ಚಿಕ್ಕವಳಿದ್ದಾಗ ಒಂದು ದೀಪಾವಳಿಗೆ ಪಟಾಕಿಯಲ್ಲೂ ನಾಲ್ಕನೇ ಪಾಲು ಅಟ್ಟಕ್ಕೆ ಹೋಯಿತು, ಮುಂದಿನ ವರ್ಷಕ್ಕೆ ಅಂತ. ನಡುವೆ ನಮ್ಮ ಈ ಕಡೆಯ ಮಳೆಗಾಲ ಇದೆಯಲ್ಲ, ಅಟ್ಟದ ಗೋಡೆಯೆಲ್ಲ ಬೆವರುತ್ತದೆ. ಮುಂದಿನ ದೀಪಾವಳಿಗೆ ಮಕ್ಕಳೆಲ್ಲ ಕೆಳಗೆ ಸುತ್ತ ನಿಂತರು, ಇವರು ಊದುಬತ್ತಿ ಹಿಡಿದು ಬಗ್ಗಿದರು. ತುಸ್ ಎಂದು ಒಂದಿಷ್ಟು ಹೊಗೆ ಬಂತು.

"ಅಜ್ಜ, ಆವಾಜ್ ಕಿಧರ್ ಹೈ?" ಅಂದಳು ಮೊಮ್ಮಗಳು. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿಗೆ ಮೊದಲು ಬರುವುದು ಮಾತ್ರ ಹಿಂದಿ.

"ಶಬ್ದ ಉಳಿತಾಯ ಆಯ್ತು ಮಗಾ" ಅಂದರು ಇವರು, ಗಂಭೀರವಾಗಿ.

ಟ್ರೈನಿನಲ್ಲೂ ಅಷ್ಟೇ. ನಮ್ಮ ಲೋಕಲಿನಲ್ಲಿ ಮೂವರು ಕೂರುವ ಬೆಂಚು ಇರುತ್ತದಲ್ಲ, ಅದರ ತುದಿಯಲ್ಲಿ ನಾಲ್ಕನೆಯವನು ಅರ್ಧ ಕುಂಡೆ ಊರಿ ಕೂರುತ್ತಾನೆ. ಅದಕ್ಕೆ ಇಲ್ಲಿಯವರು ಫೋರ್ತ್ ಸೀಟ್ ಎಂದೇ ಹೆಸರಿಟ್ಟಿದ್ದಾರೆ. ಎಲ್ಲರೂ ಆ ನಾಲ್ಕನೆಯವನನ್ನು ಬೈದುಕೊಂಡು ಜರುಗಿದರೆ, ಇವರು ಯಾರೂ ಕೇಳುವ ಮೊದಲೇ ಜರುಗಿ ಖಾಲಿ ಜಾಗವನ್ನು ಕೈಯಲ್ಲಿ ತಟ್ಟಿ ಕರೆಯುತ್ತಾರೆ. ಒಮ್ಮೆ ಮುಂಬ್ರಾದಲ್ಲಿ ಹತ್ತಿದ ಧಡೂತಿ ಮನುಷ್ಯನೊಬ್ಬ ಈ ಪ್ರೀತಿಗೆ ಮರುಳಾಗಿ ಧೊಪ್ಪನೆ ಕೂತ. ಕಿಟಕಿಯ ಪಕ್ಕ ನಾನು ಹಪ್ಪಳದ ಹಾಗೆ ಗೋಡೆಗೆ ಅಂಟಿದೆ.

"ಹ್ವಾಯ್, ಉಸಿರಾಡಲಿಕ್ಕೆ ಜಾಗ ಇಲ್ಲ ನನಗೆ" ಅಂದೆ.

"ಮೂರು ಜನರ ಜಾಗದಲ್ಲಿ ನಾಲ್ಕನೆಯವನಿಗೂ ಉಳಿಸುವ ಊರು ಮಾರಾಯ್ತಿ ಇದು. ಸ್ವಲ್ಪ ಕಲಿ" ಅಂದರು. ಠಾಣೆ ಬರುವವರೆಗೆ ಕಲಿತೆ.

ಇಷ್ಟೆಲ್ಲ ಹೇಳಿ ದೋಸೆಯ ವಿಷಯ ಬಿಟ್ಟರೆ ಹೇಗೆ? ಮನೆಯಲ್ಲಿ ಇವರ ತಟ್ಟೆಗೆ ನಾಲ್ಕು ದೋಸೆ ಬೀಳಬೇಕು. ಮೂರು ತಿನ್ನುತ್ತಾರೆ. ನಾಲ್ಕನೆಯದನ್ನು ಬೇರೆ ತಟ್ಟೆಗೆ ಹಾಕಿ, ಮೇಲೊಂದು ತಟ್ಟೆ ಕವುಚಿ, "ಇದು ಉಳಿತಾಯ" ಎಂದು ಎದ್ದು ಹೋಗುತ್ತಾರೆ. ಬ್ಯಾಂಕಿನವರು ದೋಸೆ ಇಟ್ಟುಕೊಳ್ಳುವುದಿಲ್ಲ, ಇಲ್ಲದಿದ್ದರೆ ಅದನ್ನೂ ಕಟ್ಟಿ ಬರುತ್ತಿದ್ದರೋ ಏನೋ. ನಮ್ಮ ಸೊಸೆ ಮದುವೆಯಾಗಿ ಬಂದ ಹೊಸತರಲ್ಲಿ ಪ್ರೀತಿಯಿಂದ ದೋಸೆ ಮಾಡಿ ಬಡಿಸಿದಳು. ಮಾವ ಒಂದನ್ನು ಮುಚ್ಚಿಟ್ಟು ಎದ್ದದ್ದು ನೋಡಿ, ತಾನು ಮಾಡಿದ್ದು ಸೇರಲಿಲ್ಲ ಎಂದು ಒಳಗೆ ಹೋಗಿ ಅತ್ತಳು. ಮಗ ಹೋಗಿ, "ಅಳಬೇಡ, ಅಪ್ಪನಿಗೆ ದೋಸೆಯಲ್ಲೂ ಖಾತೆ ಉಂಟು" ಎಂದು ಸಮಾಧಾನ ಮಾಡಬೇಕಾಯಿತು.

ನನ್ನ ಅತ್ತೆ ಇದ್ದಾಗ ಅವರದ್ದು ಬೇರೆ ದೂರು. "ಮೊದಲು ಐದು ತಿಂದರೂ ಏಳದ ಹುಡುಗ. ಮದುವೆಯಾದ ಮೇಲೆ ಮೂರಕ್ಕೆ ಎದ್ದುಬಿಡ್ತಾನೆ. ನಿನ್ನ ಕೈರುಚಿ ಎಂಥದ್ದು ಅಂತ ಇದರಲ್ಲೇ ಗೊತ್ತಾಗ್ತದೆ" ಅನ್ನುತ್ತಿದ್ದರು. ಆಗ ನಾವಿದ್ದದ್ದು ಚಾಳಿನಲ್ಲಿ, ಸಾಲು ಕೋಣೆಗಳ ವಠಾರದಲ್ಲಿ; ಒಂದೇ ಕೋಣೆ, ಉಣ್ಣುವವರು ಏಳು ಜನ. ದೋಸೆ ಎರೆಯುವವಳು ಕಾವಲಿ ಬಿಟ್ಟು ಏಳುವ ಹಾಗಿಲ್ಲ, ಎಲ್ಲರದ್ದೂ ಆದ ಮೇಲೆ ಅವಳದ್ದು. ಕೆಲವು ದಿನ ಹಿಟ್ಟು ನನ್ನವರೆಗೆ ಬರುತ್ತಲೇ ಇರಲಿಲ್ಲ. ಆಗ ಇವರ ಉಳಿತಾಯದ ತಟ್ಟೆ ತೆಗೆದು, ತಣ್ಣಗಾದ ಆ ದೋಸೆಯನ್ನು ಚಹಾದ ಜೊತೆ ತಿನ್ನುತ್ತಿದ್ದೆ. ಬಿಸಾಡಲಿಕ್ಕಾಗ್ತದಾ?

ಈಗ ಈ ಬೆಳಗಿನ ವಿಷಯಕ್ಕೆ ಬರುತ್ತೇನೆ. ಮೊಮ್ಮಗಳ ಆಸೆ ಒಂದೇ. ಮೊದಲ ಸಂಬಳದಲ್ಲಿ ಸಂಜೆ ಎಲ್ಲರನ್ನೂ ಊಟಕ್ಕೆ ಕರೆದುಕೊಂಡು ಹೋಗಬೇಕು, ಅದೂ ಠಾಣೆಯಲ್ಲಿ ಅಜ್ಜ ಕೆಲಸ ಮಾಡಿದ ಆ ಹೋಟೆಲಿಗೇ.

"ಮೊದಲು ಕಾಲು ಭಾಗ" ಅಂದರು ಅಜ್ಜ.

"ಹೋ ಗಯಾ ಅಜ್ಜ. ಬ್ಯಾಂಕಿಗೆ ಹೇಳಿಟ್ಟಿದ್ದೇನೆ, ಸಂಬಳ ಬಂದ ಕೂಡಲೇ ಅದಾಗಿಯೇ ಕಟ್ ಆಗ್ತದೆ. ನಾನು ಮುಟ್ಟಲೇ ಇಲ್ಲ."

ಇವರು ಇಷ್ಟು ವರ್ಷ ಕ್ಯೂ ನಿಂತು ಮಾಡಿದ್ದನ್ನು ಅವಳು ಕೂತಲ್ಲೇ ಮಾಡಿದ್ದಳು. ಆದರೂ ಇವರು ಬಿಡಲಿಲ್ಲ. "ಅಲ್ಲಿ ಬೆಂಕಿಯ ಮುಂದೆ ನಿಂತವ ಈಗ ಟೇಬಲಿನ ಮುಂದೆ ಹೇಗೆ ಕೂರುವುದು? ಮೈಗೆ ಒಗ್ಗುವುದಿಲ್ಲ. ನೀವು ಹೋಗಿ ಬನ್ನಿ. ಕುಟುಂಬದಲ್ಲೂ ಒಂದು ಪಾಲು ಮನೆಯಲ್ಲಿ ಉಳಿಯಲಿ."

ಮೊಮ್ಮಗಳ ಮುಖ ಇಳಿಯಿತು. ತಿಂಗಳಿಡೀ ಕಾದ ದಿನ, ಅಜ್ಜ ಇಲ್ಲದೆ ಹೋಗಿ ಮಾಡುವುದೆಂತ? ಚಪ್ಪಲಿ ಹಾಕುತ್ತಾ ಬಾಗಿಲಲ್ಲಿ ನಿಂತವಳು ತಿರುಗಿ, ನಿಧಾನವಾಗಿ, ಪೂರ್ತಿ ಕನ್ನಡದಲ್ಲೇ ಕೇಳಿದಳು: "ಅಜ್ಜ, ನಮ್ಮ ಜೊತೆ ಕೂತು ಅಜ್ಜಿ ಯಾವತ್ತಾದರೂ ಬಿಸಿ ದೋಸೆ ತಿಂದದ್ದು ನೀವು ನೋಡಿದ್ದೀರಾ?"

ಉತ್ತರಕ್ಕೆ ಕಾಯದೆ ಹೋದಳು. ಅವಳಿಗೆ ಟ್ರೈನಿನ ಹೊತ್ತಾಗಿತ್ತು.

ನಾಲ್ಕು ಗಂಟೆಗೆ ನೋಡುತ್ತೇನೆ, ಮದುವೆ ಮನೆಗೆ ಮಾತ್ರ ಹಾಕುವ ಬಿಳಿ ಅಂಗಿ ಇಸ್ತ್ರಿಯಾಗಿ ಕುರ್ಚಿಯ ಮೇಲೆ ಕೂತಿದೆ. "ಆ ಹಸಿರು ಸೀರೆ ಉಟ್ಟುಕೋ. ಹೊತ್ತು ಮಾಡಿದರೆ ಟ್ರೈನಿನಲ್ಲಿ ರಶ್ ಆಗ್ತದೆ" ಅಂದರು, ಯಾರಿಗೋ ಹೇಳಿದ ಹಾಗೆ ಗೋಡೆ ನೋಡಿಕೊಂಡು.

ಠಾಣೆ ಸ್ಟೇಷನ್ನಿನಲ್ಲಿ ವಾಶಿ ಟ್ರೈನಿನಿಂದ ಇಳಿದ ಮೊಮ್ಮಗಳು ಬಿಳಿ ಅಂಗಿ ನೋಡಿದವಳೇ ಅಷ್ಟು ಜನರ ನಡುವೆ ಓಡಿ ಬಂದು ಅಜ್ಜನ ತೋಳು ಹಿಡಿದಳು. ಮಗ ಕಲ್ಯಾಣದಿಂದ ನೇರ ಬಂದಿದ್ದ, ಸೊಸೆ ನಮ್ಮ ಜೊತೆಗೇ ಇದ್ದಳು.

ಹೋಟೆಲಿನಲ್ಲಿ ಇವರನ್ನು ಕೂರಿಸುವುದೇ ಒಂದು ಕೆಲಸವಾಯಿತು. ವೇಟರ್ ನೀರು ತಂದರೆ ಇವರು ಎದ್ದು ನಿಂತು ಲೋಟ ಇಸಿದುಕೊಳ್ಳುತ್ತಾರೆ. ಮೊಮ್ಮಗಳು ಭುಜ ಒತ್ತಿ ಕೂರಿಸುತ್ತಾಳೆ. ಒಳಗಿಂದ ವಾಸನೆ ಬಂದರೆ, "ತವಾ ಜಾಸ್ತಿ ಕಾದಿದೆ, ನೀರು ಚಿಮುಕಿಸಲಿಕ್ಕೆ ಹೇಳು" ಎಂದು ಮತ್ತೆ ಏಳುತ್ತಾರೆ. ಕೊನೆಗೆ ವೇಟರನಿಗೆ ತಾವೇ ಹೇಳಿದರು: "ಐದು ಸಾದಾ ದೋಸೆ, ಮೇಲೆ ಬೆಣ್ಣೆ. ಐದೂ ಒಟ್ಟಿಗೆ ತರಬೇಕು."

"ಆದ ಹಾಗೆ ಒಂದೊಂದೇ ತರ್ತೇನೆ ಅಜ್ಜ."

"ಬೇಡ. ಒಳಗಿನ ತವಾದಲ್ಲಿ ಐದು ಒಟ್ಟಿಗೆ ಹಿಡಿಯುತ್ತದೆ. ನನಗೆ ಗೊತ್ತಿಲ್ಲವಾ?"

ಐದೂ ಒಟ್ಟಿಗೆ ಬಂತು. ಇವರು ತಮ್ಮ ದೋಸೆಯನ್ನು ಅಭ್ಯಾಸದಂತೆ ನಾಲ್ಕು ತುಂಡು ಮಾಡಿದರು. ಮಗ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. ಮೂರು ತುಂಡು ಮುಗಿಯಿತು. ನಾವೆಲ್ಲ ಕೈ ನಿಲ್ಲಿಸಿ ಕಾದೆವು. ಮುಚ್ಚಲಿಕ್ಕೆ ಇನ್ನೊಂದು ತಟ್ಟೆ ಕೇಳುತ್ತಾರೆ, ಖಂಡಿತ ಕೇಳುತ್ತಾರೆ.

ಇವರು ನನ್ನ ತಟ್ಟೆ ನೋಡಿದರು. ಹಬೆಯಾಡುವ ದೋಸೆ, ಅದರ ಮೇಲೆ ಕರಗುತ್ತಿರುವ ಬೆಣ್ಣೆ. ಆಮೇಲೆ ನಾಲ್ಕನೇ ತುಂಡನ್ನು ಚಟ್ನಿಗೆ ಅದ್ದಿ ಬಾಯಿಗೆ ಹಾಕಿಕೊಂಡರು.

"ಅಜ್ಜ! ಸೇವಿಂಗ್?" ಅಂದಳು ಮೊಮ್ಮಗಳು.

"ಇವತ್ತು ಯಾರಿಗೆ ಅಂತ ಉಳಿಸುವುದು?" ಅಂದರು ಅಗಿಯುತ್ತಾ. "ಅಜ್ಜಿ ಇಲ್ಲೇ ಕೂತಿದ್ದಾಳಲ್ಲ."

ಐದು ತಿಂದರೂ ಏಳದ ಹುಡುಗ ಎಂದು ಅತ್ತೆ ಹೇಳುತ್ತಿದ್ದದ್ದು ನೆನಪಾಯಿತು. ಇಷ್ಟು ವರ್ಷ ನಾನು ಅದನ್ನು ನನ್ನ ಕೈರುಚಿಯ ಮಾತು ಅಂದುಕೊಂಡಿದ್ದೆ.

"ತಿನ್ನು, ಆರ್ತದೆ" ಅಂದರು ಇವರು, ಈ ಸಲ ಗೋಡೆ ನೋಡದೆ. ಮಗ ಇನ್ನೂ ಒಂದು ಸುತ್ತು ಹೇಳಿದ. ಸೊಸೆ ಸಾಂಬಾರಿನ ಬಟ್ಟಲು ನನ್ನ ಹತ್ತಿರ ಸರಿಸಿದಳು. ನಾನು ದೊಡ್ಡ ತುಂಡೊಂದನ್ನು ಮುರಿದು ಬಾಯಿಗಿಟ್ಟೆ.

"ಅಜ್ಜಿ, ಕೈಸಾ ಹೈ?" ಮೊಮ್ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು.

ನಾಲಿಗೆ ಸುಟ್ಟು ಕಣ್ಣಲ್ಲಿ ನೀರು ಬಂದಿತ್ತು. "ಬಿಸಿ ಉಂಟು ಮಗಾ" ಅಂದೆ.