ಪತ್ತೇದಾರಿ ಬೆಕ್ಕಿಗೊಂದು ಅಭಿಪ್ರಾಯ

"ಎಂಟು ದಿನ! ಎಂಟೇ ಎಂಟು ದಿನದಾಗ ಈ ಪತ್ರ ಬರದವನ ಜುಟ್ಟು ನನ್ನ ಕೈಯಾಗ ಇರಲಿಲ್ಲಂದ್ರ, ಪತ್ತೇದಾರಿ ಬರಿಯೂದು ಬಿಟ್ಟು ರೈಸ್ ಮಿಲ್ಲಿನಾಗ ಭತ್ತ ತೂಗಾಕ ಹೋಗ್ತೀನಿ!"

ಹೀಗೆಂದು ಪ್ರಭುರಾಜ ಗುಡುಗಿದ್ದು ಗಂಗಾವತಿಯ ತನ್ನ ಮನೆಯ ಪಡಸಾಲೆಯಲ್ಲಿ, ಭಾನುವಾರ ಬೆಳಿಗ್ಗೆ, ಲುಂಗಿ ಬನಿಯನ್ನಿನ ಮೇಲೆ. ಕೇಳಿದವರು ಮೂವರು. ಬಂಗಾರಿ ಎಂಬ ಬೆಕ್ಕು ಕಿಟಕಿಯಲ್ಲಿ ಮಲಗಿದ್ದಲ್ಲೇ ಒಂದು ಕಣ್ಣು ತೆರೆದು ಮುಚ್ಚಿತು. ಮೋತಿ ಎಂಬ ನಾಯಿ ಬಾಲ ಅಲ್ಲಾಡಿಸಿತು. ಹೆಂಡತಿ ಚಹಾ ತಂದಿಟ್ಟು ಒಳಗೆ ಹೋದಳು.

ಪ್ರಭುರಾಜ ಹಗಲು ಹೊತ್ತು ಕಾಲುವೆ ನೀರಿನ ಕಚೇರಿಯೊಂದರಲ್ಲಿ ಫೈಲಿಗೆ ದಾರ ಕಟ್ಟುವ ಗುಮಾಸ್ತ. ಸಂಜೆ ಆರರ ಮೇಲೆ ಸಾಹಿತಿ. ಅವನ 'ಬಂಗಾರಿ ಪತ್ತೇದಾರಿ ಮಾಲೆ'ಯಲ್ಲಿ ಆಗಲೇ ನಾಲ್ಕು ಪುಸ್ತಕ ಬಂದಿದ್ದವು. ರಕ್ತ ಇಲ್ಲ, ಕೊಲೆ ಇಲ್ಲ. ಚಾಕು ಬಂದರೆ ಬದನೆಕಾಯಿ ಹೆಚ್ಚಲಿಕ್ಕೆ ಮಾತ್ರ! ಯಾರದೋ ಮನೆಯಲ್ಲಿ ಲಿಂಗದ ಬೆಳ್ಳಿ ಕರಡಿಗೆ ಕಾಣೆಯಾಗುತ್ತದೆ, ಮಿಲ್ಲಿನಲ್ಲಿ ಅಕ್ಕಿ ಚೀಲ ಮಾಯವಾಗುತ್ತದೆ. ಬೆಕ್ಕು ಮೂಸುತ್ತದೆ, ನಾಯಿ ಬೊಗಳುತ್ತದೆ, ಕಥೆಯ 'ನಾನು' ಮೀಸೆ ತಿರುವಿ ರಹಸ್ಯ ಬಿಡಿಸುತ್ತಾನೆ. ಸಂಸಾರಸ್ಥರು ಊಟದ ನಂತರ ಎಲೆ ಅಡಿಕೆ ಹಾಕಿಕೊಂಡು ಓದಬಹುದಾದ ಸಾಹಿತ್ಯ.

ಓದುತ್ತಿದ್ದರೋ ಇಲ್ಲವೋ, ಅದು ಬೇರೆ ಮಾತು. ನಮ್ಮ ಕಡೆ ಪುಸ್ತಕ ಹಂಚುವುದೆಂದರೆ ಮದುವೆಯಲ್ಲಿ ತೆಂಗಿನಕಾಯಿ ಹಂಚಿದ ಹಾಗೆ. ಬೇಡ ಅನ್ನುವ ಹಾಗಿಲ್ಲ, ಒಡೆದು ನೋಡಲೇಬೇಕೆಂಬ ಕಟ್ಟುಪಾಡೂ ಇಲ್ಲ. ಪ್ರಭುರಾಜನೂ 'ಗೌರವ ಪ್ರತಿ' ಎಂದು ಮೊದಲ ಪುಟದಲ್ಲಿ ಸಹಿ ಗೀಚಿ ಊರಿಗೆಲ್ಲ ಹಂಚಿದ್ದ. ಹಂಚಿದ ಎಂಟನೇ ದಿನಕ್ಕೆ ಶುರು: "ಓದಿದ್ರೇನ್ರಿ? ಒಂದು ಅಭಿಪ್ರಾಯ ಬರದು ಕೊಡ್ರಿ!" ಜನ ಅವನನ್ನು ಕಂಡರೆ ಓಣಿ ಬದಲಿಸುತ್ತಿದ್ದರು.

ನಾಲ್ಕನೆಯ ಪುಸ್ತಕ 'ಅಳವಂಡಿಯ ಬುಗುಡಿ' ಬಂದದ್ದಂತೂ ಭಾರೀ ಅವಸರದಲ್ಲಿ. ಸೋಮವಾರ ಏಳೂವರೆಗೆ ರಾಹುಕಾಲ ಹಿಡಿಯುತ್ತದೆ, ಅಷ್ಟರೊಳಗೆ ಪುಸ್ತಕದ ಗಂಟು ದೇವರ ಮುಂದೆ ಇಟ್ಟು ಪೂಜೆಯಾಗಬೇಕು ಎಂದು ಅವನ ಹಟ. ಪ್ರೆಸ್ಸಿನಲ್ಲಿ ನೋಡಿದರೆ ಮದುವೆ ಹಂಗಾಮು, ಕಾಲಿಡಲು ಜಾಗವಿಲ್ಲದಷ್ಟು ಲಗ್ನಪತ್ರಿಕೆ. ಬೈಂಡಿಂಗ್ ಮಾಡುವ ವಾಹೀದನ ತಲೆಯ ಮೇಲೆ ಕೂತು, "ರಟ್ಟು ಅಂಟಸೋ, ಲಗೂನ ಅಂಟಸೋ" ಎಂದು ಪ್ರಾಣ ತಿಂದು, ಗೋಂದು ಆರುವ ಮೊದಲೇ ಗಂಟುಗಳನ್ನು ಆಟೋದಲ್ಲಿ ಹೇರಿಕೊಂಡು ಬಂದಿದ್ದ. ಆಮೇಲೆ ವಾಹೀದ ಮೂರು ಸಲ ಫೋನ್ ಮಾಡಿದ. "ಸರ್, ನಿಮ್ಮದೊಂದು ಗಂಟು ಇಲ್ಲೇ ಉಳದೈತ್ರಿ."

"ಹೆಚ್ಚಾದ ರಟ್ಟು ನೀನ ಇಟ್ಕೋಳೋ ಮಾರಾಯ! ನಾ ಈಗ ಅಭಿಪ್ರಾಯ ಕೂಡಸಾಕತ್ತೀನಿ" ಎಂದು ಪ್ರಭುರಾಜ ಫೋನ್ ಕುಕ್ಕಿದ್ದ.

ಅಭಿಪ್ರಾಯಗಳೂ ಬಂದವು. ಒಂದಕ್ಕಿಂತ ಒಂದು! ಕಚೇರಿಯ ಸಹೋದ್ಯೋಗಿ ಗಾದಿಲಿಂಗಪ್ಪ ಬರೆದಿದ್ದ: 'ಕೊನೆಯ ಪುಟ ಓದಿ ಮೈ ಝುಂ ಎಂದಿತು. ಇಂಥ ಮುಕ್ತಾಯ ಕನ್ನಡಕ್ಕೇ ಹೊಸದು.' ನಿವೃತ್ತ ಹೆಡ್ ಮಾಸ್ತರ ಈಶಪ್ಪನವರು ಕೆಂಪು ಶಾಯಿಯಲ್ಲಿ 'ಅಂತ್ಯವು ಅನಿರೀಕ್ಷಿತ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ಟೇಲರ್ ರಾಜಾಸಾಬ ಮಾತ್ರ, "ನಂಗ ಚಾಳೀಸು ಬಂದೈತ್ರಿ ಸಾಹೇಬ್ರ, ಅಕ್ಷರ ಕಾಣಂಗಿಲ್ಲ. ಬೆಕ್ಕಿನ ಚಿತ್ರ ಛಲೋ ಐತಿ" ಎಂದ. ಪ್ರಭುರಾಜ ಅದನ್ನೂ ಬಿಡಲಿಲ್ಲ. 'ಚಿತ್ರವತ್ತಾದ ಶೈಲಿ — ರಾಜಾಸಾಬ' ಎಂದು ತಾನೇ ತಿದ್ದಿಕೊಂಡ.

ಇಂತಹ ಹಾಲಿನ ಕೊಡದಲ್ಲಿ ಶನಿವಾರದ ಟಪಾಲು ಹುಳಿ ಹಿಂಡಿತ್ತು. ಹೆಸರಿಲ್ಲ, ವಿಳಾಸವಿಲ್ಲ. ಪತ್ರದಲ್ಲಿದ್ದದ್ದು ಇಷ್ಟೇ:

'ಮಾನ್ಯರೆ, ನಿಮ್ಮ ನಾಲ್ಕೂ ಪುಸ್ತಕ ಓದಿದ್ದೇನೆ. ನಾಲ್ಕನೆಯದು ಮುಗಿದ ಹಾಗೆ ಕಾಣಲಿಲ್ಲ. ಬುಗುಡಿ ಎಲ್ಲಿ ಸಿಕ್ಕಿತು, ಯಾರಿಗೆ ಸಿಕ್ಕಿತು ತಿಳಿಯಲಿಲ್ಲ. ಇನ್ನೊಂದು ಮಾತು. ಬೆಕ್ಕಿಗೆ ಹೆಸರಿದೆ. ನಾಯಿಗೂ ಇದೆ. ಚಹಾ ತರುವಾಕೆಗೆ ಯಾಕಿಲ್ಲ? ಇಂತಿ, ಒಬ್ಬ ಓದುಗರು.'

"ಮುಗಿದಂಗ ಕಾಣಲಿಲ್ಲಂತ! ಕೊನೀಗೆ ಹದಿನಾರು ಪುಟ, ಹದಿನಾರು ಪುಟ ಬಿಡಿಸಿ ಬಿಡಿಸಿ ಬರದೀನಿ! ಈ ಕುರಿಗಿ ತಿಳೀಲಿಲ್ಲಂತ!" ಎಂದು ಪ್ರಭುರಾಜ ಪತ್ರವನ್ನು ನಾಲ್ಕನೇ ಸಲ ಓದಿದ. ಮುಂದಿನ ಭಾನುವಾರ 'ಓದುಗರೊಂದಿಗೆ ಬಂಗಾರಿ' ಎಂಬ ಸಮಾರಂಭವಿತ್ತು. ಅಷ್ಟರೊಳಗೆ ಇವನನ್ನು ಹಿಡಿದು, ಎಲ್ಲರೆದುರು ನಿಲ್ಲಿಸಿ ನೀರಿಳಿಸದಿದ್ದರೆ ಐದನೇ ಪುಸ್ತಕದ ಬೆನ್ನಿಗೆ ಯಾವ ಮುಖ ಇಟ್ಟುಕೊಂಡು ಅಭಿಪ್ರಾಯ ಹಾಕಿಸುವುದು?

"ಏ, ಕೇಳಿದೇನ? ಯಾರು ಬರದಿರಬೇಕು ಇದನ್ನ?" ಎಂದು ಒಳಗೆ ಕೂಗಿದ.

"ಓದಿದವ್ರು ಯಾರರ ಬರದಿರ್ತಾರ್ರಿ" ಎಂದು ಒಳಗಿನಿಂದ ಉತ್ತರ ಬಂತು.

"ನಿನಗೇನ ತಿಳೀತೈತಿ! ಬರೇ ಓದಿದವ್ರು ಹಿಂಗ ಬರ್ಯಾಂಗಿಲ್ಲ. ಇದು ಹೊಟ್ಟಿಕಿಚ್ಚು!"

ತನಿಖೆ ಆರಂಭವಾಯಿತು. ಭೂತಗನ್ನಡಿ ಹಿಡಿದು ನೋಡಿದಾಗ ಪತ್ರದ ಮೂಲೆಯಲ್ಲಿ ಅರಿಶಿನದ ಬೆರಳಗುರುತು ಸಿಕ್ಕಿತು. ಮೂಸಿದರೆ ಇಂಗಿನ ವಾಸನೆ. ಪ್ರಭುರಾಜನ ಮೀಸೆ ತಾನಾಗಿ ಮೇಲೆದ್ದಿತು. ಅರಿಶಿನ, ಇಂಗು, ಅಂದರೆ ಒಗ್ಗರಣೆ! ಒಗ್ಗರಣೆ ಅಂದರೆ ಮಂಡಕ್ಕಿ, ನಮ್ಮ ಕಡೆಯ ಮಂಡಾಳು! ಮಂಡಾಳು ಅಂದರೆ ಬಸ್ ಸ್ಟ್ಯಾಂಡ್ ಹತ್ತಿರದ ಹಜರತಬೀಯ ಮಂಡಾಳು ಮಿರ್ಚಿ ಅಂಗಡಿ! ಗಾದಿಲಿಂಗಪ್ಪ ದಿನಾ ಸಂಜೆ ತಿನ್ನುವುದೂ ಅಲ್ಲೇ! ತನ್ನ ಅಡಿಗೆಮನೆಯಲ್ಲೂ ಬೆಳಿಗ್ಗೆ ಅದೇ ಒಗ್ಗರಣೆ ಚಟಪಟ ಅಂದಿತ್ತು ಎಂಬುದು ಆ ಮಹಾ ಪತ್ತೇದಾರನ ತಲೆಗೆ ಹೊಳೆಯಲಿಲ್ಲ. ತಿಂದು ಕೈ ತೊಳೆದೇ ಹೊರಟಿದ್ದ.

"ನಿಮ್ಮ ಪುಸ್ತಕ ಗೊತ್ತೈತ್ರಿ" ಎಂದಳು ಹಜರತಬೀ, ಎಣ್ಣೆಯಲ್ಲಿ ಮಿರ್ಚಿ ಬಿಡುತ್ತ.

ಪ್ರಭುರಾಜ ಅರಳಿದ. "ಹೌದಾ! ಹೆಂಗೈತ್ರಿ?"

"ಹೋದ ವಾರ ರದ್ದಿಯವ ನಿಮ್ಮ ಹಳೀ ಪುಸ್ತಕ ಇಪ್ಪತ್ತು ತಂದಿದ್ದ. ಕಾಗದ ಭಾಳ ದಪ್ಪ, ಎಣ್ಣಿ ಹೀರಂಗಿಲ್ಲ. ಬ್ಯಾಡ ಅಂತ ವಾಪಸ್ ಕಳಸಿದೆ."

ಮೊದಲ ಮೂರು ಪುಸ್ತಕಗಳ ಬಗ್ಗೆ ಬಂದ ಅಷ್ಟೂ ಅಭಿಪ್ರಾಯದಲ್ಲಿ ಕಾಗದ ಮುಟ್ಟಿ ನೋಡಿ ಹೇಳಿದ್ದು ಇದೊಂದೇ ಇರಬೇಕು. ಪ್ರಭುರಾಜನಿಗೆ ಮಾತ್ರ ಕಣ್ಣಲ್ಲಿ ನೀರು ಬಂತು, ಮಿರ್ಚಿ ಖಾರವಿತ್ತು ಎಂದು ಹೇಳಿಕೊಂಡ. ಅಷ್ಟಾದರೂ ಗಾದಿಲಿಂಗಪ್ಪನ ಮೇಲಿನ ಗುಮಾನಿ ಬಲವಾಗಿ ಕೂತಿತು.

ಭಾನುವಾರ ಬಂತು. ಸಮಾರಂಭಕ್ಕೆ ನಲವತ್ತೆಂಟು ಜನ, ಎಲ್ಲರ ಕೈಯಲ್ಲೂ ಗೌರವ ಪ್ರತಿ. ಕನ್ನಡಕ ತೊಟ್ಟ ಬಂಗಾರಿಯ ಬ್ಯಾನರ್. ನಿಜವಾದ ಬಂಗಾರಿಯನ್ನು ತರಕಾರಿ ಬುಟ್ಟಿಯಲ್ಲಿ ಕೂರಿಸಿ ವೇದಿಕೆಗೆ ತಂದು ಶಾಲು ಹೊದಿಸಿದರೆ, ಅದು ಶಾಲಿನ ಮೇಲೇ ಮಾಡಬಾರದ್ದನ್ನು ಮಾಡಿತು. ಅದೂ ಒಂದು ಅಭಿಪ್ರಾಯವೇ ಎಂದು ಯಾರೂ ತಿಳಿಯಲಿಲ್ಲ. ಹೆಂಡತಿ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಬುಟ್ಟಿ ಒಯ್ಯಲು ಒಬ್ಬರು ಬೇಕಲ್ಲ!

ಪ್ರಭುರಾಜ ಮೈಕು ಹಿಡಿದು, ಪತ್ರವನ್ನು ಎರಡು ಬೆರಳಲ್ಲಿ ಸತ್ತ ಇಲಿಯಂತೆ ಎತ್ತಿ ತೋರಿಸಿ, ಪೂರ್ತಿ ಓದಿದ. 'ಚಹಾ ತರುವಾಕೆಗೆ ಯಾಕಿಲ್ಲ' ಎಂಬಲ್ಲಿ ಹೆಂಗಸಿನ ದನಿ ಮಾಡಿ ಓದಿದ. ಜನ ನಕ್ಕರು.

"ಮುಗಿದಿಲ್ಲಂತ್ರಿ ಇವ್ರಿಗೆ! ಇಲ್ಲಿ ಅಷ್ಟೂ ಮಂದಿ ಕೊನೀ ಪುಟ ಹೊಗಳ್ಯಾರ. ಗಾದಿಲಿಂಗಪ್ಪ, ಏಳಪಾ ಮ್ಯಾಲೆ! ನಿನ್ನ ಮೈ ಝುಂ ಅಂದ ಆ ಕೊನೀ ಪುಟ ಓದು, ಸಭಾ ಕೇಳಲಿ!"

ಗಾದಿಲಿಂಗಪ್ಪ ಎದ್ದ. ಬೆವರಿದ. ಪುಸ್ತಕದ ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿದ್ದವು, ಉಗುರಿನಿಂದ ಬಿಡಿಸಿಕೊಂಡ. "ಪುಟ ತೊಂಬತ್ತಾರು. 'ಬಂಗಾರಿ ಒಮ್ಮೆಲೆ ಕಿವಿ ನಿಮಿರಿಸಿತು. ನಾನು ಮೆಲ್ಲಗೆ ಡಬ್ಬಿಯ ಮುಚ್ಚಳ ತೆಗೆದೆ. ಅದರೊಳಗೆ ಇದ್ದದ್ದು...'"

"ಹೂಂ, ಮುಂದ?"

"ಮುಂದ ರಟ್ಟು ಐತ್ರಿ."

"ಏನು?"

"ರಟ್ಟು. ಹಿಂಬದಿ ರಟ್ಟು. ಅದರ ಮ್ಯಾಲೆ ನಿಮ್ಮ ಫೋಟೋ."

ನಲವತ್ತೆಂಟು ಪುಸ್ತಕ ಒಟ್ಟಿಗೆ ತೆರೆದ ಸದ್ದು ಗಂಗಾವತಿಯಲ್ಲಿ ಹಿಂದೆಂದೂ ಕೇಳಿದ್ದಿಲ್ಲ. ಎಲ್ಲದರಲ್ಲೂ ತೊಂಬತ್ತಾರರ ಮುಂದೆ ರಟ್ಟು! ಎಲ್ಲದರ ಮೇಲೂ ಪ್ರಭುರಾಜ ಗಲ್ಲಕ್ಕೆ ಕೈಯಿಟ್ಟು ನಗುತ್ತಿದ್ದ! "ನಾ ಅನಿರೀಕ್ಷಿತ ಅಂತ ಮೊದಲ ಬರದಿದ್ದೆ" ಎಂದು ಈಶಪ್ಪನವರು ಗಂಟಲು ಸರಿಮಾಡಿಕೊಂಡರು. ಆಗ ಬಾಗಿಲ ಹತ್ತಿರ ವಾಹೀದ ಹೆಗಲ ಮೇಲೊಂದು ಗಂಟು ಹೊತ್ತು ನಿಂತಿದ್ದ. "ಮೂರು ಸಲ ಫೋನ್ ಮಾಡಿದೆ ಸರ್. ನಿಮ್ಮ ಕೊನೀ ಹದಿನಾರು ಪುಟ. ಲಗ್ನಪತ್ರಿಕಿ ರಾಶಿ ಕೆಳಗ ಸಿಕ್ಕೊಂಡಿತ್ರಿ. ನೀವು ಉಸಿರಾಡಾಕ ಬಿಡಲಿಲ್ಲ."

ನಗೆ ಎದ್ದಿತು ನೋಡಿ! ಪ್ರಭುರಾಜನನ್ನು ಕೊಂದದ್ದು ಆ ನಗೆಯಲ್ಲ. ಪುಸ್ತಕ ಹಂಚಿ ತಿಂಗಳು ದಾಟಿತ್ತು. ಅಷ್ಟು ಜನರ ಹೊಗಳಿಕೆಯಲ್ಲಿ ಒಬ್ಬನೂ ತೊಂಬತ್ತಾರನೇ ಪುಟ ಮುಟ್ಟಿರಲಿಲ್ಲ. ಮುಟ್ಟಿದ್ದು ಒಬ್ಬರೇ, ಆ ಹೆಸರಿಲ್ಲದವರು. ಇಡೀ ಜಿಲ್ಲೆಯಲ್ಲಿ ತನಗಿದ್ದ ಒಬ್ಬನೇ ಒಬ್ಬ ಓದುಗನನ್ನು ತಾನೇ ಮೈಕಿನಲ್ಲಿ ಅಣಕಿಸಿದ್ದ. ಅವರನ್ನು ಹುಡುಕಿ ಕಾಲು ಹಿಡಿಯಬೇಕು ಅನ್ನಿಸಿತು.

ಮನೆಗೆ ಬಂದು ಗಂಟನ್ನು ಪಡಸಾಲೆಯಲ್ಲಿ ಎಸೆದು, ಅಂಗಿ ಕಳಚಿ ಜೇಬು ಖಾಲಿ ಮಾಡಿದ. ಎರಡು ಕಾಗದ ಮಂಚದ ಮೇಲೆ ಬಿದ್ದವು. ಒಂದು ಆ ಪತ್ರ. ಇನ್ನೊಂದು, ಬರುವಾಗ ತರಬೇಕಿದ್ದ ಕಿರಾಣಿ ಚೀಟಿ: ತೊಗರಿಬೇಳೆ, ಬೆಲ್ಲ, ಚಹಾಪುಡಿ, ಮಂಡಾಳು.

ಎರಡರಲ್ಲೂ ಒಂದೇ ಕೈ. ಅದೇ ಓರೆ, ಅದೇ ಗುಂಡು. ಚೀಟಿಯ ಮೂಲೆಯಲ್ಲೂ ಅರಿಶಿನದ ಬೆರಳು!

ಇಪ್ಪತ್ತಾರು ವರ್ಷ ತಿಂಗಳು ತಪ್ಪದೆ ಈ ಅಕ್ಷರ ಜೇಬಿನಲ್ಲಿಟ್ಟುಕೊಂಡು ತಿರುಗಿದ ಪತ್ತೇದಾರಿ ಸಾಹಿತಿ ಮಂಚದ ಮೇಲೆ ಕುಸಿದ.

"ನೀನ... ನೀನ ಬರದೀಯೇನ ಇದನ್ನ?"

ಆಕೆ ಬಾಗಿಲಲ್ಲಿ ನಿಂತಿದ್ದಳು. "ಹೂಂ."

"ಮನ್ಯಾಗ ಇದ್ದು ಟಪಾಲಿಗೆ ಹಾಕೂದ? ಬಾಯಿಲೆ ಹೇಳಾಕ ಏನಾಗಿತ್ತು?"

"ಬಾಯಿಲೆ ಹೇಳಿದ್ರ ನೀವು 'ಹೂಂ' ಅಂದು ಪೇಪರ್ ತಿರವ್ತೀರಿ. ಟಪಾಲಿಗೆ ಹಾಕಿದೆ, ನಾಕು ಸಲ ಓದಿದ್ರಿ."

ನಮ್ಮ ಪ್ರಭುರಾಜನಿಗೆ ಆಗ ಒಂದೊಂದೇ ನೆನಪಾಗತೊಡಗಿತು. ಕರಡಿಗೆ ಹೂಬುಟ್ಟಿಯಲ್ಲಿದೆ ಎಂದದ್ದು ಈಕೆ. ಮಿಲ್ಲಿನ ಕಾವಲುಗಾರನ ಚಪ್ಪಲಿಗೆ ಹಸಿ ತೌಡು ಅಂಟಿದ್ದನ್ನು ಕಂಡದ್ದು ಈಕೆ. ಅಳವಂಡಿಯಲ್ಲಿ ಅನ್ನಮ್ಮ ಅತ್ತೆಯ ಬುಗುಡಿ ಕಳೆದು ಮದುವೆಮನೆಯವರು ಕೆಲಸದ ದುರಗಮ್ಮನ ಚೀಲ ಝಾಡಿಸಲು ಹೊರಟಾಗ, "ತಡೀರಿ, ಅತ್ತಿ ಫೋನ್ ಕಿವಿಗಿ ಚುಚ್ಚತೈತಿ ಅಂತ ಬುಗುಡಿ ತಗದಿದ್ರು, ಆಗ ಮಂಡಾಳು ಹಸನ ಮಾಡಾಕತ್ತಿದ್ರು" ಎಂದು ಮಂಡಾಳಿನ ಡಬ್ಬಿ ಬೋರಲು ಹಾಕಿದ್ದೂ ಈಕೆಯೇ. ಆ ದಿನ ದುರಗಮ್ಮ ಈಕೆಯ ಕೈ ಹಿಡಿದು ಅತ್ತಿದ್ದಳು. ಪ್ರಭುರಾಜ ಮನೆಗೆ ಬಂದು ಅದನ್ನೆಲ್ಲ ಬೆಕ್ಕಿನ ಹೆಸರಿಗೆ ಬರೆದಿದ್ದ.

ಆಕೆಯ ಹೆಸರು ಲಲಿತಾ. ಹೇಳುವ ನಾನೂ ಇಷ್ಟು ಹೊತ್ತು ಹೇಳಿಲ್ಲ, ಕೇಳುವ ನೀವೂ ಕೇಳಲಿಲ್ಲ. ಪ್ರಭುರಾಜ ಆ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಒಂದೇ ಸಲ, ಮದುವೆಯಲ್ಲಿ ಹೆಂಗಸರು ಬಾಗಿಲು ತಡೆದು ಒಡಪು ಹಾಕಿಸಿದಾಗ. 'ಗಂಗಾವತಿ ಕಣದಾಗ ಭತ್ತದ ರಾಶಿ, ಲಲಿತಾನ ಕೈ ಹಿಡಿದು ಆತು ನಂಗ ಖುಷಿ.' ಅಂದಿನಿಂದ ಆಕೆ 'ಏ, ಕೇಳಿದೇನ.'

"ನಾಕೂ ಪುಸ್ತಕ ಎರಡೆರಡು ಸಲ ಓದೀನ್ರಿ" ಎಂದಳು ಲಲಿತಾ. "ಒಂದರಾಗರ ಬರ್ತೀನೇನೋ ಅಂತ. ನಾಕನೇದು ನಡುವ ನಿಂತಾಗ ಖರೇನ ಆಸಿ ಆಗಿತ್ತು. ಇದು ನಾ ಹುಡಿಕಿದ್ದು, ಮುಂದಿನ ಪುಟದಾಗ ಅದೀನೇನೋ ಅನಕೊಂಡೆ."

ಪ್ರಭುರಾಜ ಗಂಟಿನ ಕಡೆ ಕೈ ಚಾಚಿದ. "ಗಂಟು ಬಿಚ್ಚಬ್ಯಾಡ. ನಾಳಿ ನೋಡೋಣಂತ. ಐದನೇದ್ರಾಗ..."

ಲಲಿತಾ ಆಗಲೇ ಗಂಟು ಬಿಚ್ಚಿದ್ದಳು. ಮಡಿಸಿದ ಅಚ್ಚಿನ ಹಾಳೆಯೊಂದನ್ನು ತೆಗೆದು, ಬದನೆಕಾಯಿ ಹೆಚ್ಚುವ ಚಾಕುವಿನಿಂದ ಮಡಿಕೆಗಳನ್ನು ಸೀಳಿ, ಹೊಸ್ತಿಲ ಹತ್ತಿರ ಕೂತು ಓದತೊಡಗಿದಳು. ಹದಿನಾರು ಪುಟ. ಬೆಕ್ಕು ಮಗ್ಗುಲಲ್ಲಿ ಬಂದು ಮಲಗಿತು. ತಾನು ಬರೆದದ್ದು ಏನೆಂದು ಪ್ರಭುರಾಜನಿಗೆ ಬಾಯಿಪಾಠ ಬರುತ್ತಿತ್ತು. ಆದರೂ ಅಚ್ಚಿನ ಮೊಳೆಗಳಾದರೂ ಕರುಣೆ ತೋರಿ ಒಂದು ಹೆಸರು ತಪ್ಪಿ ಹಾಕಿರಲಿ ಎಂದು ಆಂಜನೇಯನಿಗೆ ಹರಕೆ ಹೊತ್ತ.

ಕೊನೆಯ ಪುಟವನ್ನು ಆಕೆ ಗಟ್ಟಿಯಾಗಿ ಓದಿದಳು.

"'ಕಳ್ಳರು ಯಾರೂ ಇರಲಿಲ್ಲ. ಬುಗುಡಿ ಮಂಡಾಳಿನ ಡಬ್ಬಿಯಲ್ಲೇ ಇತ್ತು. ಬಂಗಾರಿಯ ಬುದ್ಧಿಗೆ ಮದುವೆಮನೆಯೇ ತಲೆದೂಗಿತು. ನಾನು ಮೀಸೆ ತಿರುವಿದೆ. ಹೆಂಡತಿ ಚಹಾ ತಂದಿಟ್ಟು ಒಳಗೆ ಹೋದಳು. ಮುಗಿಯಿತು.'"

ಪುಟಗಳನ್ನು ಜೋಡಿಸಿ, ತಟ್ಟಿ ಸರಿಮಾಡಿ, ಅವನ ಮುಂದೆ ಇಟ್ಟಳು.

"ಹೆಂಗೈತಿ?" ಎಂದ ಪ್ರಭುರಾಜ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಆಕೆಯ ಅಭಿಪ್ರಾಯ ಕೇಳಿದ್ದ.

"ಕಥಿಯೊಳಗ ಕಳ್ಳ ಇಲ್ಲಂತ ಬರದೀರಿ" ಎಂದಳು ಲಲಿತಾ, ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ. "ಆದ್ರ ಓದಿ ಮುಗಸೂದ್ರಾಗ ಕಳ್ಳ ಸಿಕ್ಕ ನೋಡ್ರಿ."